ಗೊಬ್ಬರದ ಚೀಲ ಬಂದ ಮೇಲೆ ಮನೆಯೊಳಗೆ ತುಂಬಿದ ನೊರಜು: ಉತ್ತರ ಕೊಡುವವರು ಯಾರು?

ಎ-304 | ಶುಕ್ರವಾರ, ರಾತ್ರಿ 1.40

ಈ ಹೊತ್ತಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗುಂಪಿಗೆ ಬರೆಯಬಾರದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ಇನ್ನು ತಡೆದುಕೊಳ್ಳುವುದು ನನ್ನಿಂದ ಆಗದು. ಅತ್ತೆಯವರ ಕಣ್ಣಿನ ಪೊರೆ ತೆಗೆಸಿ ಇಂದಿಗೆ ನಾಲ್ಕು ದಿನ. ರಾತ್ರಿ ಹನ್ನೊಂದಕ್ಕೆ ಕಣ್ಣಿಗೆ ಹನಿ ಹಾಕಲೆಂದು ದೀಪ ಹೊತ್ತಿಸಿದ ಕೂಡಲೇ ಆ ದರಿದ್ರ ನೊರಜುಗಳು ಅವರ ಮುಖಕ್ಕೇ ಮುತ್ತಿದವು. ಒಂದು ಕೈಯಲ್ಲಿ ಔಷಧದ ಸೀಸೆ, ಇನ್ನೊಂದು ಕೈಯಲ್ಲಿ ಬೀಸಣಿಗೆ ಹಿಡಿದು ಸಾಕಾಗಿ, ದೀಪ ಆರಿಸಿ ಮೊಬೈಲಿನ ಬೆಳಕಿನಲ್ಲಿ ಹಾಕಲು ಹೋದರೆ ಅಲ್ಲಿಗೂ ಬಂದವು. ಕುಡಿಯಲು ಕೊಟ್ಟ ಹಾಲಿನ ಲೋಟದಲ್ಲಿ ಮೂರು ತೇಲುತ್ತಿದ್ದವು. ಮೇ ತಿಂಗಳಲ್ಲಿ ಗೊಬ್ಬರ ಸಮಿತಿಯವರು ಆ 38 ಚೀಲ ಗೊಬ್ಬರವನ್ನು ಕುಂಡಗಳಿಗೆಂದು ಹಂಚುವವರೆಗೆ ನಮ್ಮ ಮನೆಯಲ್ಲಿ ಇಂಥ ಒಂದು ಹುಳವೂ ಇರಲಿಲ್ಲ. ಹಂಚುವ ಮುನ್ನ ಅದನ್ನು ಪರೀಕ್ಷಿಸಿದವರು ಯಾರು ಎಂಬುದಕ್ಕೆ ಬೆಳಗಾಗುವುದರೊಳಗೆ ನನಗೆ ಉತ್ತರ ಬೇಕು.

ಬಿ-201 | ಶನಿವಾರ, ಬೆಳಗ್ಗೆ 5.50

ಮೇಡಂ, ನಿಮ್ಮ ಅತ್ತೆಯವರು ಬೇಗ ಗುಣಮುಖರಾಗಲಿ. ಜನರೇಟರ್ ಹಿಂದಿನ ಆ ಗೊಬ್ಬರದ ಡ್ರಮ್ಮುಗಳನ್ನು ಕಾಂಪೌಂಡಿನೊಳಗೆ ಇಡಬಾರದೆಂದು ಜನವರಿಯ ಸಭೆಯಲ್ಲಿ ಎದ್ದು ನಿಂತು ಹೇಳಿದವನು ನಾನೊಬ್ಬನೇ. ನಡಾವಳಿ ಪುಸ್ತಕವನ್ನು ತೆರೆದು ನೋಡಿದರೆ ನನ್ನ ಮಾತು, ಅದಕ್ಕೆ ನಕ್ಕವರ ಹೆಸರು ಎರಡೂ ಸಿಗುತ್ತವೆ. ಈಗ ಚರ್ಚೆ ಅನಗತ್ಯ. ಇಂದು ಸಂಜೆಯೇ ಮೂರೂ ಬ್ಲಾಕುಗಳಲ್ಲಿ ಹೊಗೆ ಹೊಡೆಸಬೇಕು. ಯಂತ್ರದವನ ಸಂಖ್ಯೆ ನನ್ನ ಬಳಿ ಇದೆ.

ಸಿ-102 | ಬೆಳಗ್ಗೆ 6.35

ಗೊಬ್ಬರ ಸಮಿತಿಯ ಪರವಾಗಿ ಒಂದು ಸ್ಪಷ್ಟನೆ. ಹಸಿಕಸವನ್ನು ಆವರಣದೊಳಗೇ ಸಂಸ್ಕರಿಸುವುದು ನಮ್ಮಂಥ ದೊಡ್ಡ ಸಮುಚ್ಚಯಗಳ ಹೊಣೆಯೇ ಹೊರತು ಸಮಿತಿಯವರ ಖಯಾಲಿಯಲ್ಲ. ಮೇ ತಿಂಗಳಲ್ಲಿ ಚೀಲಗಳು ಸಾಲುವುದಿಲ್ಲವೆಂದು ಜಗಳವಾಡಿ ಎರಡೆರಡು ಒಯ್ದವರೇ ಇಂದು ನಮ್ಮನ್ನು ಕಟಕಟೆಯಲ್ಲಿ ನಿಲ್ಲಿಸಿದ್ದಾರೆ. ಅಷ್ಟಕ್ಕೂ ಇವು ಗೊಬ್ಬರದ ಹುಳುಗಳೇ ಅಲ್ಲ. ನೆಲಮಾಳಿಗೆಯ ಕೊಳಚೆ ನೀರಿನ ಘಟಕದಿಂದ ಪೈಪಿನ ಮೂಲಕ ಬರುತ್ತಿವೆ. ಘಟಕದ ಉಸ್ತುವಾರಿ ಯಾರದೆಂದು ಬಿ-201ರವರು ತಾವೇ ಹೇಳಲಿ.

ಸಿ-206 | ಬೆಳಗ್ಗೆ 7.02

(ರವಾನಿಸಿದ ಸಂದೇಶ) ಶುಭೋದಯ! ಮಲಗುವ ಕೋಣೆಯಲ್ಲಿ ಸ್ನೇಕ್ ಪ್ಲಾಂಟ್ ಇಟ್ಟರೆ ಅದು ವಿಷಗಾಳಿಯನ್ನೆಲ್ಲ ಹೀರಿಕೊಳ್ಳುತ್ತದೆ ಎಂದು ನಾಸಾ ವಿಜ್ಞಾನಿಗಳು ಸಾಬೀತುಪಡಿಸಿದ್ದಾರೆ. ಹತ್ತು ಜನರಿಗೆ ಕಳುಹಿಸಿ.

ಎ-101 | ಬೆಳಗ್ಗೆ 7.20

ಮಕ್ಕಳೇ, ಇದನ್ನು ನಮ್ಮ ಊರಿನಲ್ಲಿ ಗುಂಗುರು ಎನ್ನುತ್ತಿದ್ದೆವು. ನನ್ನ ಅಡುಗೆಮನೆಯ ಕಿಟಕಿಯ ದೊಡ್ಡಪತ್ರೆಯ ಕುಂಡವನ್ನು ಅಲುಗಾಡಿಸಿದರೆ ಮಣ್ಣಿನಿಂದಲೇ ಎದ್ದು ಹಾರುತ್ತವೆ. ಆದ್ದರಿಂದ ಪೈಪಿನ ಮಾತನ್ನು ನಾನು ಒಪ್ಪಲಾರೆ.

ಎ-208 | ಬೆಳಗ್ಗೆ 7.31

ನಮ್ಮ ಕರಾವಳಿಯ ಕಡೆ ಸೊಳ್ಳೆಯನ್ನೇ ನುಸಿ ಎನ್ನುವುದರಿಂದ, ಮನೆಯವರು ನುಸಿ ಎಂದಾಗ ಸೊಳ್ಳೆಬತ್ತಿ ಹಚ್ಚಿ ಒಂದು ತಿಂಗಳು ಕಳೆದೆ. ಹುಳು ಸಾಯಲಿಲ್ಲ, ನನಗೆ ಕೆಮ್ಮು ಬಂದಿತು.

ಬಿ-402 | ಬೆಳಗ್ಗೆ 9.15

ಕೃಷಿ ವಿಷಯವನ್ನು ಓದಿದವಳಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ದಯವಿಟ್ಟು ಓದಿ. ನಮ್ಮ ಮನೆಗಳಲ್ಲಿ ಹಾರುವ ಹುಳುಗಳು ಒಂದೇ ಜಾತಿಯವಲ್ಲ, ಜಗಳವೂ ಅಲ್ಲಿಂದಲೇ ಹುಟ್ಟಿದೆ. ಬಚ್ಚಲಿನ ಗೋಡೆಯ ಮೇಲೆ ಪುಟ್ಟ ಪತಂಗದ ಹಾಗೆ, ಮೈತುಂಬ ರೋಮವಿದ್ದು ರೆಕ್ಕೆ ಹರಡಿ ಕೂರುವುದು ಚರಂಡಿಯ ನೊಣ. ಮಾಗಿದ ಬಾಳೆಹಣ್ಣಿನ ಸುತ್ತ ಸುತ್ತುವ ಕೆಂಪು ಕಣ್ಣಿನದು ಹಣ್ಣಿನ ನೊಣ. ಎ-304ರವರು ಕಳುಹಿಸಿದ ಚಿತ್ರದಲ್ಲಿರುವುದು ಇವೆರಡೂ ಅಲ್ಲ. ಕಪ್ಪು ಮೈ, ಉದ್ದ ಕಾಲು, ಸರಿಯಾಗಿ ಹಾರಲೂ ಬಾರದೆ ಮಣ್ಣಿನ ಮೇಲೆ ಓಡಾಡುವ ಇದು ಸಿಯಾರಿಡೇ ಕುಟುಂಬದ ಬ್ರಾಡೀಸಿಯಾ, ಅಂದರೆ ಒದ್ದೆ ಮಣ್ಣಿನ ಬೂಷ್ಟನ್ನು ತಿಂದು ಬೆಳೆಯುವ ನೊರಜು. ಇದು ಕಚ್ಚುವುದಿಲ್ಲ. ಅತ್ತೆಯವರ ಕಣ್ಣಿನ ಹತ್ತಿರ ಯಾವ ಹುಳುವೂ ಸುಳಿಯಬಾರದೆಂಬುದು ಬೇರೆ ಮಾತು. ಅವರ ಕೋಣೆಯ ಕುಂಡಗಳನ್ನು ಇಂದೇ ಹೊರಗಿಡಿ.

ನಾವು ನೋಡುವ ಹಾರುವ ಹುಳು ಬದುಕುವುದು ಹೆಚ್ಚೆಂದರೆ ಒಂದು ವಾರ, ಹತ್ತು ದಿನ. ಅಷ್ಟರೊಳಗೆ ಒಂದೊಂದು ಹೆಣ್ಣು ನೂರು, ಇನ್ನೂರರವರೆಗೂ ಮೊಟ್ಟೆಗಳನ್ನು ಒದ್ದೆ ಮಣ್ಣಿನಲ್ಲಿ ಇಡುತ್ತದೆ. ಮರಿಗಳು ಮಣ್ಣಿನ ಮೇಲ್ಭಾಗದ ಎರಡು ಮೂರು ಇಂಚಿನಲ್ಲಿ ಬೂಷ್ಟು, ಕೊಳೆತ ಎಲೆ, ಸಿಕ್ಕಿದರೆ ಎಳೆಯ ಬೇರನ್ನೂ ತಿನ್ನುತ್ತವೆ. ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ನಮ್ಮ ಬೆಂಗಳೂರಿನ ಹವೆಯಲ್ಲಿ ಮೂರು ನಾಲ್ಕು ವಾರ ಸಾಕು. ಹೊಗೆ ಹೊಡೆದರೆ ಸಾಯುವುದು ಹಾರುತ್ತಿರುವವು ಮಾತ್ರ. ಮಣ್ಣಿನೊಳಗಿರುವವು ಮುಂದಿನ ವಾರ ಹಾಯಾಗಿ ಎದ್ದು ಬರುತ್ತವೆ. ಅನುಮಾನವಿದ್ದವರು ಸಿಪ್ಪೆ ತೆಗೆದ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಕುಂಡದ ಮಣ್ಣಿಗೆ ಒತ್ತಿ ಇಟ್ಟು ಮೂರನೆಯ ದಿನ ಎತ್ತಿ ನೋಡಿ. ಕಪ್ಪು ಹೊಳಪಿನ ತಲೆ, ಬಿಳಿಯ ಪಾರದರ್ಶಕ ಮೈಯ ಮರಿಗಳು ಅಡಿಯಲ್ಲಿ ಅಂಟಿಕೊಂಡಿದ್ದರೆ ಆ ಕುಂಡ ತಪ್ಪಿತಸ್ಥ.

ಗೊಬ್ಬರ ಪೂರ್ತಿ ಕಳಿತಿರಲಿಲ್ಲವೆಂಬುದು ನಿಜ. ನನ್ನ ಚೀಲದಲ್ಲಿ ಕಿತ್ತಳೆ ಸಿಪ್ಪೆಯನ್ನು ಗುರುತಿಸಬಹುದಾಗಿತ್ತು. ಆದರೆ ಅದನ್ನು ನೀರು ಹಿಡಿದಿಡುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಜೊತೆ ಬೆರೆಸಿ, ಬಿಸಿಲು ಬೀಳದ ನಡುಮನೆಯಲ್ಲಿಟ್ಟು, ಮಳೆಗಾಲದಲ್ಲಿಯೂ ದಿನಕ್ಕೊಂದು ಚೊಂಬು ನೀರು ಸುರಿದವರು ನಾವು. ಮೇಲಿನ ಎರಡು ಇಂಚು ಮಣ್ಣು ಒಣಗುವವರೆಗೆ ನೀರು ಹಾಕದಿದ್ದರೆ ಮರಿಗಳು ಉಳಿಯುವುದು ಕಷ್ಟ. ಇದನ್ನು ಎಲ್ಲ ಮನೆಗಳೂ ಒಂದೇ ವಾರದಲ್ಲಿ ಆರಂಭಿಸಿದರೆ ಮಾತ್ರ ಉಪಯೋಗ.

(ಸಿ-206ರವರಿಗೆ: ನಾಸಾದ ಆ ಅಧ್ಯಯನ 1989ರದು, ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ತೆರೆದಿರುವ ಮನೆಗೆ ಅದು ಅನ್ವಯಿಸುವುದಿಲ್ಲ.)

ಬಿ-201 | ಬೆಳಗ್ಗೆ 9.24

ಪುಸ್ತಕದ ವಿದ್ಯೆ ಬೇರೆ, ಅನುಭವ ಬೇರೆ. ಮೂವತ್ತೆರಡು ವರ್ಷ ಸರ್ಕಾರಿ ಸೇವೆ ಮಾಡಿದವನು ನಾನು. ತಪ್ಪು ಮಾಡಿದವರನ್ನು ಬಿಟ್ಟು ನೀರು ಹಾಕಿದವರನ್ನು ದೂರುವುದು ಯಾವ ನ್ಯಾಯ? ಗೊಬ್ಬರ ಸಮಿತಿ ಮೊದಲು ರಾಜೀನಾಮೆ ಕೊಡಲಿ, ಆನಂತರ ಆಲೂಗಡ್ಡೆಯ ವಿಚಾರ ನೋಡೋಣ.

ಸಿ-102 | ಬೆಳಗ್ಗೆ 9.40

ರಾಜೀನಾಮೆ ಪತ್ರ ಸಿದ್ಧವಿದೆ. ಪ್ರತಿದಿನ ಬೆಳಗ್ಗೆ ಆರಕ್ಕೆ ಕೈಗವಸು ಹಾಕಿಕೊಂಡು ಡ್ರಮ್ಮು ತಿರುವಲು ಸಿದ್ಧರಿರುವವರು ಬಂದು ಪಡೆದುಕೊಳ್ಳಬಹುದು.

ಎ-208 | ಬೆಳಗ್ಗೆ 9.43

ಬಾಡಿಗೆ ಕೊಡದೆ ವಾಸವಿರುವ ಈ ನೊರಜುಗಳಿಂದ ಖಜಾಂಚಿಯವರು ನಿರ್ವಹಣಾ ಶುಲ್ಕವನ್ನಾದರೂ ವಸೂಲು ಮಾಡಿದರೆ ಲಿಫ್ಟಿನ ಸಾಲ ತೀರುತ್ತದೆ.

ಬಿ-201 | ಬೆಳಗ್ಗೆ 9.47

ಇದು ತಮಾಷೆಯ ವಿಷಯವಲ್ಲ. ಲಿಫ್ಟಿನ ಸಾಲದ ಬಗ್ಗೆಯೂ ನಾನು ಜನವರಿಯಲ್ಲಿಯೇ ಹೇಳಿದ್ದೆ.

ಸಿ-305, ಕಾರ್ಯದರ್ಶಿ | ಬೆಳಗ್ಗೆ 11.10

ಎಲ್ಲರ ಅಭಿಪ್ರಾಯಗಳನ್ನೂ ಗಮನಿಸಿ ಹೀಗೆ ನಿರ್ಧರಿಸಬಹುದೆಂದು ತೋರುತ್ತದೆ. ಸೋಮವಾರದಿಂದ ಎಲ್ಲ ಮನೆಗಳಲ್ಲಿಯೂ ಮೇಲ್ಮಣ್ಣು ಒಣಗುವವರೆಗೆ ಒಳಾಂಗಣ ಗಿಡಗಳಿಗೆ ನೀರು ಹಾಕುವುದನ್ನು ನಿಲ್ಲಿಸೋಣ. ಸಂಘದ ಖರ್ಚಿನಲ್ಲಿ ಹಳದಿ ಅಂಟುಕಾರ್ಡುಗಳನ್ನು ತರಿಸಿ ಮನೆಗೆ ಎರಡರಂತೆ ಹಂಚೋಣ. ಮಣ್ಣಿಗೆ ಹಾಕುವ ಔಷಧ ಯಾವುದೆಂದು ಬಿ-402ರವರು ತಿಳಿಸಲಿ. ಹೊಗೆಯ ಪ್ರಸ್ತಾಪವನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ಕಳೆದ ವರ್ಷ ಹೊಗೆ ಹೊಡೆಸಿದ ಸಂಜೆ ಎ-406ರ ಗಿಳಿಗೆ ಆದದ್ದನ್ನು ಯಾರೂ ಮರೆತಿಲ್ಲ.

ಬಿ-402 | ಬೆಳಗ್ಗೆ 11.45

ಬಿಟಿಐ ಎಂಬ ಬ್ಯಾಕ್ಟೀರಿಯಾದ ಪುಡಿ ಅಥವಾ ದ್ರಾವಣ ಒಳ್ಳೆಯದು. ಪೂರ್ಣ ಹೆಸರು ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯ ಮಣ್ಣಿನಲ್ಲಿ ಸಿಕ್ಕಿದ ಇದನ್ನು ಸೊಳ್ಳೆಯ ಮರಿಗಳನ್ನು ಕೊಲ್ಲಲು ನಮ್ಮ ದೇಶದಲ್ಲಿಯೂ ಬಳಸುತ್ತಾರೆ. ನೊರಜಿನ ಮರಿಯ ಹೊಟ್ಟೆಗೆ ಹೋದರೂ ಅದೇ ಕೆಲಸ ಮಾಡುತ್ತದೆ, ಮನುಷ್ಯರಿಗೂ ಸಾಕುಪ್ರಾಣಿಗಳಿಗೂ ತೊಂದರೆ ಇಲ್ಲ. ಕೊಳ್ಳುವಾಗ ಎಚ್ಚರ ಬೇಕು: ಬರೀ ಬಿಟಿ ಎಂದು ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ಎಲೆ ತಿನ್ನುವ ಹುಳುವಿಗೆ ಹಾಕುವ ಕುರ್ಸ್ಟಾಕಿ ಎಂಬ ಇನ್ನೊಂದು ಬಗೆಯನ್ನು ಕೊಡುತ್ತಾರೆ, ಅದರಿಂದ ನೊರಜಿನ ಕೂದಲೂ ಕೊಂಕುವುದಿಲ್ಲ. ಒಮ್ಮೆ ಹಾಕಿದರೆ ಸಾಲದು, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಹಾಕಬೇಕು. ಅದು ಸಿಗುವವರೆಗೆ ಔಷಧದಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಆಗಬಹುದು. ಅದು ಹೆಚ್ಚಾಗಿ 6 ಪ್ರತಿಶತದ್ದಾಗಿರುವುದರಿಂದ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಹಾಕಿ. ತಗುಲಿದ ಮರಿಗಳು ಸಾಯುತ್ತವೆ, ಮರುದಿನಕ್ಕೆ ಅದರ ಪ್ರಭಾವ ಉಳಿಯುವುದಿಲ್ಲ. ಹಳದಿ ಕಾರ್ಡಿಗೆ ಅಂಟುವುದು ಹಾರುವವು ಮಾತ್ರ, ಆದರೂ ಲೆಕ್ಕ ಇಡಲು ಅದು ಬೇಕೇ ಬೇಕು.

ಸಿ-206 | ಮಧ್ಯಾಹ್ನ 12.05

(ರವಾನಿಸಿದ ಸಂದೇಶ) ಕುಂಡಕ್ಕೆ ಅರಿಶಿನ, ದಾಲ್ಚಿನ್ನಿ, ಕರ್ಪೂರ ಹಾಕಿದರೆ ಒಂದೇ ರಾತ್ರಿಯಲ್ಲಿ ಎಲ್ಲ ಹುಳುಗಳೂ ನಾಶ. ಕಂಪನಿಗಳು ಮುಚ್ಚಿಟ್ಟಿರುವ ರಹಸ್ಯ!

ಬಿ-201 | ಮಧ್ಯಾಹ್ನ 12.20

ಅತ್ತೆಯ ಕಣ್ಣಿನ ನೆಪದಲ್ಲಿ ಮನೆಮನೆಗೆ ಬ್ಯಾಕ್ಟೀರಿಯಾ ಹಂಚುವುದಕ್ಕೆ ನನ್ನ ಲಿಖಿತ ಆಕ್ಷೇಪವಿದೆ. ಬೇವಿನ ಹಿಂಡಿ ಹಾಕಿ ಎಂದರೆ ಮುಗಿಯುವ ವಿಷಯವಿದು.

ಬಿ-402 | ಮಧ್ಯಾಹ್ನ 12.31

ಸಾರ್, ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ನೀರಿನಲ್ಲಿ ಕದಡಿ ಮಣ್ಣಿಗೆ ಹಾಕುವುದಕ್ಕೆ ನನ್ನ ವಿರೋಧವಿಲ್ಲ. ಹಿಂಡಿಯನ್ನು ಮಾತ್ರ ಒದ್ದೆ ಮಣ್ಣಿನ ಮೇಲೆ ಉದುರಿಸಬೇಡಿ. ಎರಡೇ ದಿನಕ್ಕೆ ಅದರ ಮೇಲೆ ಬಿಳಿಯ ಬೂಷ್ಟು ಬಂದು ಇವಕ್ಕೆ ಔತಣವಾಗುತ್ತದೆ.

ಎ-304 | ಮಧ್ಯಾಹ್ನ 12.40

ನೆಪ ಎಂಬ ಮಾತನ್ನು ಹಿಂದಕ್ಕೆ ಪಡೆಯಿರಿ.

ಎ-101 | ಮಧ್ಯಾಹ್ನ 1.15

ಶ್ರಾವಣದಲ್ಲಿ ತುಳಸಿಗೆ ನೀರು ಹಾಕಬೇಡಿ ಎಂದರೆ ಹೇಗಪ್ಪ? ನಾನಂತೂ ಎಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ.

ಬಿ-402 | ಮಧ್ಯಾಹ್ನ 1.22

ಅಜ್ಜಿ, ತುಳಸಿ ಬಾಲ್ಕನಿಯ ಬಿಸಿಲಿನಲ್ಲಿರುವುದರಿಂದ ಮಧ್ಯಾಹ್ನದೊಳಗೆ ಒಣಗುತ್ತದೆ, ಅದು ನಿರಪರಾಧಿ. ಚೊಂಬಿನ ಬದಲು ಒಂದು ಉದ್ಧರಣೆ ನೀರು ಹಾಕಿದರೂ ಪೂಜೆಗೆ ಕುಂದಿಲ್ಲವಲ್ಲ. ದೊಡ್ಡಪತ್ರೆಗಂತೂ ವಾರಕ್ಕೊಮ್ಮೆ ಸಾಕು. ಫರ್ನಿನಂಥ, ಒಣಗಿದರೆ ಬಾಡುವ ಗಿಡಗಳಿಗೆ ಮೇಲಿನಿಂದ ಹಾಕದೆ, ಅಡಿಯ ತಟ್ಟೆಯಲ್ಲಿ ಅರ್ಧ ಗಂಟೆ ನೀರಿಟ್ಟು, ಬೇರು ಹೀರಿದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಬೇಕು.

ಬಿ-201 | ಮಧ್ಯಾಹ್ನ 1.25

ಎಲ್ಲರೂ ಗಮನಿಸಿ! ತಟ್ಟೆಯಲ್ಲಿ ನೀರು ನಿಲ್ಲಿಸುವುದು ಡೆಂಗಿಗೆ ಕೊಡುವ ಆಮಂತ್ರಣ. 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಪಡಿಸಿದ್ದು ಬಿ-402ರವರಿಗೆ ತಿಳಿದಿಲ್ಲವೇ?

ಬಿ-402 | ಮಧ್ಯಾಹ್ನ 1.27

ಅರ್ಧ ಗಂಟೆ ಎಂದು ಬರೆದಿದ್ದೇನೆ. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ವಾರವಾದರೂ ಬೇಕು.

ಸಿ-103 | ಮಧ್ಯಾಹ್ನ 1.50

ಇಷ್ಟು ದಿನ ಸುಮ್ಮನಿದ್ದೆ. ಚೆಲ್ಲಿಬಿಡಿ ಎನ್ನುತ್ತೀರಿ, ಎಲ್ಲಿಗೆ ಚೆಲ್ಲುತ್ತೀರಿ? ಮೇಲಿನ ಬಾಲ್ಕನಿಗಳಿಂದ ದಿನವೂ ಸುರಿಯುವ ಆ ಕಂದು ನೀರು ಬೀಳುವುದು ನಾನು ಒಗೆದು ಹರವಿದ ಬಟ್ಟೆಯ ಮೇಲೆ. ಕಳೆದ ದೀಪಾವಳಿಯಲ್ಲಿ ಹೊಸ ಪಂಚೆಗೆ ಬಿದ್ದ ಕಲೆ ಇನ್ನೂ ಹೋಗಿಲ್ಲ.

ಬಿ-104 | ಮಧ್ಯಾಹ್ನ 1.58

ನಮ್ಮ ಕಾರಿನ ಗಾಜಿನ ಮೇಲೂ ಅದೇ ನೀರು. ಬಾಲ್ಕನಿಯ ನೀರು ಹೋಗುವ ಪೈಪನ್ನು ಕಟ್ಟಡ ಕಟ್ಟಿದವರು ಅರ್ಧಕ್ಕೇ ನಿಲ್ಲಿಸಿದ್ದಾರೆ, ಎಲ್ಲರಿಗೂ ಗೊತ್ತು.

ಬಿ-201 | ಮಧ್ಯಾಹ್ನ 2.03

ಇದೇ ನಿಜವಾದ ಸಮಸ್ಯೆ. ಪೈಪಿನ ಅಂದಾಜು ಪಟ್ಟಿಯನ್ನು ಎರಡು ವರ್ಷಗಳ ಹಿಂದೆಯೇ ಮಾಡಿಸಿಟ್ಟವನು ನಾನು. ಪ್ರತಿ ಇಲ್ಲಿ ಲಗತ್ತಿಸಿದ್ದೇನೆ.

ಸಿ-305, ಕಾರ್ಯದರ್ಶಿ | ಸಂಜೆ 5.30

ಭಾನುವಾರ ಬೆಳಗ್ಗೆ ಹತ್ತಕ್ಕೆ ಬಾಲ್ಕನಿ ಪೈಪಿನ ಬಗ್ಗೆ ಸಭೆ ಕರೆಯಲಾಗಿದೆ. ಹಳದಿ ಕಾರ್ಡಿನ ಖರೀದಿಯನ್ನು ಪೈಪಿನ ವೆಚ್ಚ ನಿರ್ಧಾರವಾದ ಬಳಿಕ ಪರಿಶೀಲಿಸಲಾಗುವುದು.

ಎ-304 | ಮಂಗಳವಾರ, ರಾತ್ರಿ 9.20

ಶನಿವಾರ ಇಟ್ಟ ಆಲೂಗಡ್ಡೆ ಬಿಲ್ಲೆಗಳನ್ನು ಈಗ ಎತ್ತಿ ನೋಡಿದೆ. ಮನಿ ಪ್ಲಾಂಟಿನಲ್ಲಿ 2, ಪೀಸ್ ಲಿಲಿಯಲ್ಲಿ 17 ಮರಿಗಳು. ಸ್ನೇಕ್ ಪ್ಲಾಂಟಿಗೆ ಹದಿನೈದು ದಿನಗಳಿಂದ ನೀರು ಹಾಕಲು ಮರೆತಿದ್ದೆ, ಅದರಲ್ಲಿ ಒಂದೂ ಇಲ್ಲ. ಪೀಸ್ ಲಿಲಿಯನ್ನು ಬಾಲ್ಕನಿಗೆ ಇಟ್ಟಿದ್ದೇನೆ. ಅತ್ತೆಯವರ ಕೋಣೆಯಲ್ಲಿ ನಿನ್ನೆ ರಾತ್ರಿ ಎರಡೇ ಕಂಡವು. ಉಳಿದವರು ನೀರು ನಿಲ್ಲಿಸಿದ್ದೀರಾ? ಯಾರ ಬಳಿಯಾದರೂ ಹಳದಿ ಕಾರ್ಡ್ ಇದ್ದರೆ ದಯವಿಟ್ಟು ಒಂದನ್ನು ಕಳುಹಿಸಿ.

ಬಿ-201 | ರಾತ್ರಿ 9.26

ಪೈಪು ಎರಡು ಇಂಚಿನದಾಗಬೇಕೋ ಎರಡೂವರೆ ಇಂಚಿನದೋ ಎಂಬುದಕ್ಕೆ ಎ ಬ್ಲಾಕಿನವರು ಇನ್ನೂ ಮತ ಹಾಕಿಲ್ಲ. ಮೇಡಂ, ನಿಮ್ಮದೂ ಬಾಕಿ ಇದೆ.