ಮೋಟಾರು ಮಾಡಿಸುತ್ತ ಕೂತರೆ ಪೋರ್ಷನ್ ಮುಗಿಯುತ್ತದಾ?

ಧಾರಾವಿ ಟೀಚರ್:
ಹತ್ತನೇ ಕ್ಲಾಸಿಗೆ ವಿಜ್ಞಾನ ತಗೊಳ್ತೇನೆ, ಕನ್ನಡ ಮಾಧ್ಯಮ. ವರ್ಷ ವರ್ಷ ಮಕ್ಕಳು ಕಡಿಮೆ, ಲ್ಯಾಬಿನ ಕಪಾಟಿಗೆ ಬೀಗ. ವಿದ್ಯುತ್ ಪಾಠ ಓದಿಸಿದರೆ ಹಿಂದಿನ ಬೆಂಚು ಆಕಳಿಸುತ್ತದೆ. ಕೈಯಲ್ಲೇ ಸಣ್ಣ ಮೋಟಾರು ಮಾಡಿಸೋಣ ಅಂದರೆ ಹೆಡ್‌ಮಾಸ್ತರು "ಮೊದಲು ಪೋರ್ಷನ್, ಆಮೇಲೆ ಆಟ" ಅಂತಾರೆ. ಯಾರಾದರೂ ಮಾಡಿಸಿದ್ದೀರಾ?

ಪುಣೆ ಮೇಷ್ಟ್ರು:
ಮಾಡಿಸಿ ಮೇಡಂ, ಕಪಾಟು ಬೇಡ. ಇಲ್ಲಿನ ಖಗೋಳ ವಿಜ್ಞಾನ ಸಂಸ್ಥೆ ಅಯುಕಾದ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಅವರು ಕಸದಿಂದಲೇ ಆಟಿಕೆ ಮಾಡಿಸುತ್ತಿದ್ದರು. ಒಂದು ಸೆಲ್, ಎರಡು ಸೇಫ್ಟಿ ಪಿನ್, ಅಯಸ್ಕಾಂತ, ವಾರ್ನಿಷ್ ಇರುವ ತಾಮ್ರದ ತಂತಿ, ಅಷ್ಟೇ. ತಂತಿಯನ್ನು ಸುರುಳಿ ಸುತ್ತಿ, ಒಂದು ತುದಿಯ ವಾರ್ನಿಷನ್ನು ಸುತ್ತಲೂ ಕೆರೆಯಬೇಕು. ಇನ್ನೊಂದರಲ್ಲಿ ಅರ್ಧ ಭಾಗ ಮಾತ್ರ. ಎರಡನ್ನೂ ಪೂರ್ತಿ ಕೆರೆದವರ ಸುರುಳಿ ಒದ್ದಾಡಿ ನಿಲ್ಲುತ್ತದೆ. ಯಾಕೆ ಅಂತ ನೀವು ಹೇಳಬೇಡಿ, ಪಕ್ಕದ ಬೆಂಚಿನದನ್ನು ನೋಡಿ ಅವರೇ ಹುಡುಕಲಿ. ಪ್ರತಿ ಸುತ್ತಿನಲ್ಲೂ ಅರ್ಧ ಸುತ್ತು ಕರೆಂಟು ಕಡಿಯಬೇಕೆನ್ನುವುದು ಅಲ್ಲೇ ಹೊಳೆಯುತ್ತದೆ. ತಂತಿ ಬೇಕಿದ್ದರೆ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಕೇಳಿ, ತುಂಡು ಸುಮ್ಮನೆ ಕೊಡ್ತಾರೆ.

ಡೊಂಬಿವಲಿ ಶೆಟ್ರು:
ಹೆಡ್‌ಮಾಸ್ತರಿಗೆ ಪ್ರಾಕ್ಟಿಕಲ್ ಮಾರ್ಕಿನ ಲೆಕ್ಕ ತೋರಿಸಿ ಮಾರಾಯ್ರೆ, ಆಟ ಅನ್ನುವ ಮಾತು ನಿಲ್ತದೆ. ಪುಣೆ ಜಿಲ್ಲೆಯ ಪಾಬಳದ ವಿಜ್ಞಾನ ಆಶ್ರಮ 1983ರಿಂದ ಇದನ್ನೇ ಮಾಡ್ತಾ ಉಂಟು, ಕೆಲಸ ಮಾಡ್ತಾ ಕಲಿಯೋದು. ಅದು ಹಳ್ಳಿ ಶಾಲೆಗೆ ಅಂತ ಶುರುವಾದದ್ದು, ಆದ್ರೆ ಧಾರಾವಿಯಲ್ಲಿ ಕಸುಬಿಗೇನು ಬರವಾ? ಮಕ್ಕಳ ಮನೆಯಲ್ಲೇ ಹೊಲಿಗೆ ಮಿಷನ್ ಇರ್ತದೆ.

ಧಾರಾವಿ ಟೀಚರ್:
ಹೊಲಿಗೆ ಮಿಷನ್ನಿನ ಮೋಟಾರು! ಒಬ್ಬಳ ಅಪ್ಪ ರಿಪೇರಿಯವರೇ. ಶನಿವಾರ ಕರೆಸುತ್ತೇನೆ.