ನಾಲ್ಕು ಹೆಜ್ಜೆ

ಕಾಲು ನನ್ನದೇ. ಆದರೆ ಕೊಡಗಿನ ನಾಪೋಕ್ಲಿನ ಹೋಟೆಲಿನ ಬೆಂಚಿನ ಮೇಲೆ ಚಾಚಿದ ಕ್ಷಣದಿಂದ ಅದು ಊರಿನ ಆಸ್ತಿಯಾಯಿತು. ಎಡಪಾದದ ಹೊರಗಡೆ ಊದಿಕೊಂಡು ಕಾಲಿನ ಗಂಟೇ ಕಾಣುತ್ತಿರಲಿಲ್ಲ. ಬಣ್ಣ ಥೇಟ್ ಹಣ್ಣಾದ ನೇರಳೆ.

"ಎಂಥ ಆಯ್ತು ಮಾರಾಯ?" ಅಂದರು ರಿಟೈರ್ಡ್ ಸುಬೇದಾರ್ ಮಾವ.

"ಕುಟುಂಬದ ಹಾಕಿ ಮ್ಯಾಚು ಮಾವ. ಓಡುವಾಗ ಪಾದ ಒಳಕ್ಕೆ ಮಗುಚಿತು."

"ಕರಡದಲ್ಲಿ 1997ರಲ್ಲಿ 60 ಕೊಡವ ಕುಟುಂಬದಿಂದ ಶುರುವಾದ ಆಟ, 2024ರಲ್ಲಿ ಇದೇ ನಾಪೋಕ್ಲಲ್ಲಿ 360 ಮುಟ್ಟಿತು. ಅಷ್ಟು ಜನರಲ್ಲಿ ಬಾಲು ಹತ್ತಿರವೇ ಇಲ್ಲದೆ ಬಿದ್ದವನು ನೀನೊಬ್ಬನೇ ಇರಬೇಕು. ಹೋಗಲಿ, ರಮ್ಮು ಬಿಸಿ ಮಾಡಿ ತಿಕ್ಕು."

ಶೀತ, ಜಿಗಣೆ ಕಡಿತ, ಬೇಸರ, ಯಾವುದಕ್ಕೂ ಅವರ ಹತ್ತಿರ ಇರುವುದು ಒಂದೇ ಮದ್ದು.

"ರಮ್ಮು ಯಾಕೆ ದಂಡ? ಹಂದಿ ನೆಣ ಕಾಯಿಸಿ ನೀವಿದರೆ ಆಯ್ತು," ಅಂದ ನನ್ನ ಭಾವ. ಹೋಟೆಲಿನವರು ಒಳಗಿನಿಂದಲೇ ಕೂಗಿದರು, "ಮೇಲೆ ಸ್ವಲ್ಪ ಹುಳಿ, ಕಾಚಂಪುಳಿ ಹಾಕಿ!"

ನೆಣ, ಕಾಚಂಪುಳಿ. ಇವರು ಮದ್ದು ಹೇಳುತ್ತಿದ್ದಾರೋ, ನನ್ನ ಕಾಲಿನ ಪಂದಿ ಕರಿ ಮಾಡುತ್ತಿದ್ದಾರೋ ಗೊತ್ತಾಗಲಿಲ್ಲ.

ಪೇಪರ್ ಓದುತ್ತಿದ್ದ ಪಿ.ಟಿ. ಮಾಷ್ಟ್ರು ಕನ್ನಡಕ ತೆಗೆದರು. "ಮೊದಲ ಎರಡು ಮೂರು ದಿನ ಕಾಸುವುದೂ ಬೇಡ, ತಿಕ್ಕುವುದೂ ಬೇಡ, ಕುಡಿಯುವುದೂ ಬೇಡ."

ಮೂರನೆಯದಕ್ಕೆ ಮಾವ ಎದ್ದೇ ನಿಂತರು. "ಕುಡಿಯುವುದು ಏನು ಮಾಡಿತು?"

"ಒಳಗೆ ರಕ್ತ ಒಸರುತ್ತಾ ಇರ್ತದೆ ಮಾವ. ಈ ಮೂರೂ ಅದನ್ನು ಜಾಸ್ತಿ ಮಾಡ್ತವೆ. ಸುಮ್ನೆ ಕಾಲು ಎತ್ತರಕ್ಕಿಟ್ಟು, ಕ್ರೇಪ್ ಬ್ಯಾಂಡೇಜ್ ಸುತ್ತಿ, ಐಸ್ ಇಡಿ."

ಐಸ್ ಎಲ್ಲಿ? ಹೊರಗೆ ಮೀನಿನ ಸ್ಕೂಟರ್ ನಿಂತಿತ್ತು. ಭಾವ ಟವೆಲಿನಲ್ಲಿ ಒಂದು ಹಿಡಿ ಕಟ್ಟಿಸಿಕೊಂಡು ಬಂದ. ಹತ್ತೇ ನಿಮಿಷ, ನನ್ನ ಪಾದದಿಂದ ಬಂಗುಡೆ ವಾಸನೆ. ಹೋಟೆಲಿನ ಬೆಕ್ಕು ಬಂದು ಹೆಬ್ಬೆರಳನ್ನೇ ನೋಡುತ್ತಾ ಕೂತಿತು.

"ಇಷ್ಟು ಸಾಕು, ತೆಗಿ," ಅಂದರು ಮಾಷ್ಟ್ರು. "ಐಸ್ ಇಡಿ ಅಂತ 1978ರಲ್ಲಿ ಪುಸ್ತಕದಲ್ಲಿ ಬರೆದ ಅಮೆರಿಕದ ಡಾಕ್ಟರು ಗೇಬ್ ಮಿರ್ಕಿನ್, ಜಾಸ್ತಿ ಐಸ್ ಇಟ್ಟರೆ ಗಾಯ ಮಾಯುವುದು ತಡವಾಗಬಹುದು ಅಂತ ಆಮೇಲೆ ಅವರೇ ಹೇಳಿದರು. ನೋವು ತಗ್ಗಲಿಕ್ಕೆ ಮಾತ್ರ ಇಡಬೇಕು. ಈಗ ಎದ್ದು ನಾಲ್ಕು ಹೆಜ್ಜೆ ನಡಿ ನೋಡುವ."

"ನಾಲ್ಕೇ ಯಾಕೆ?"

"ಕೆನಡಾದ ಒಟ್ಟಾವಾದಲ್ಲಿ ಡಾಕ್ಟರುಗಳು 1992ರಲ್ಲಿ ಮಾಡಿದ ಲೆಕ್ಕ. ಅಷ್ಟೂ ನಡೆಯಲಾಗದಿದ್ದರೆ ಎಕ್ಸ್-ರೇ."

ಎರಡು ನಡೆದೆ. ಮೂರನೆಯದು ಭಾವನ ಹೆಗಲ ಮೇಲೆ. ಮಾಷ್ಟ್ರು ಗಂಟಿನ ಹಿಂದೆ ಒತ್ತಿದರು, ಅಷ್ಟೇನೂ ಇಲ್ಲ. ಪಾದದ ಹೊರ ಅಂಚಿನ ಮಧ್ಯದಲ್ಲಿ, ಕಿರುಬೆರಳಿನ ಉದ್ದ ಮೂಳೆ ಶುರುವಾಗುವ ಕಡೆ ಒತ್ತಿದರು. ನಾನು ಕಿರುಚಿದ್ದಕ್ಕೆ ಬೆಕ್ಕು ಅಡುಗೆಮನೆ ಸೇರಿತು.

ಮಡಿಕೇರಿಯ ಎಕ್ಸ್-ರೇಯಲ್ಲಿ ಬಿರುಕು ಕಂಡಿತು. ಆರು ವಾರ ಪ್ಲಾಸ್ಟರ್, ಕಾಲು ಊರುವಂತಿಲ್ಲ. ಆ ಜಾಗಕ್ಕೆ ರಕ್ತ ಹರಿಯುವುದೇ ಕಡಿಮೆಯಂತೆ, ಮೂಳೆ ಬೇಗ ಕೂಡುವುದಿಲ್ಲವಂತೆ.

ಮಾರನೇ ವಾರ ಮತ್ತೆ ಅದೇ ಬೆಂಚು. ಚೀಟಿ ಓದಿ ಮಾಷ್ಟ್ರ ಮುಖ ಅರಳಿತು. "ಜೋನ್ಸ್ ಫ್ರ್ಯಾಕ್ಚರ್! ಇಂಗ್ಲೆಂಡಿನ ರಾಬರ್ಟ್ ಜೋನ್ಸ್ ಅನ್ನುವ ಡಾಕ್ಟರು ಇದರ ಬಗ್ಗೆ 1902ರಲ್ಲಿ ಬರೆದದ್ದು. ಅದೂ ಸ್ವಂತ ಕಾಲು ಮುರಿದುಕೊಂಡು."

"ಅವರೂ ಹಾಕಿ ಆಡ್ತಿದ್ರಾ?" ಕೇಳಿದರು ಮಾವ.

"ಇಲ್ಲ. ಡ್ಯಾನ್ಸ್ ಮಾಡುವಾಗ."

ಹೋಟೆಲು ಸ್ತಬ್ಧ. ಭಾವ ನಿಧಾನಕ್ಕೆ ನನ್ನ ಕಡೆ ತಿರುಗಿದ. ನಾನು ಕಾಫಿ ಲೋಟದ ತಳ ನೋಡಿದೆ. ಮ್ಯಾಚಿನಲ್ಲಿ ಉಳುಕಿದ್ದು ನಿಜ. ಆದರೆ ಅದೇ ರಾತ್ರಿ ಮದುವೆ ಮನೆಯಲ್ಲಿ ಎರಡು ಪೆಗ್ಗು ಇಳಿದ ಮೇಲೆ ನೋವೇ ಇರಲಿಲ್ಲ. ವಾಲಗ ಬೇರೆ ಜೋರಾಗಿತ್ತು. ಕುಣಿತದ ಮಧ್ಯೆ ಪಾದದಲ್ಲಿ ಏನೋ ಟಕ್ ಅಂದಿತ್ತು.

ಮಾವ ಮೇಜು ಕುಟ್ಟಿದರು. "ನೋಡಿದ್ಯಾ? ಅದಕ್ಕೇ ನಾನು ರಮ್ಮನ್ನು ಹೊರಗಿನಿಂದ ಹಚ್ಚು ಅಂದದ್ದು!"