ನೈನ್ ಪ್ಯಾಚ್ ಕತ್ತರಿಸಿ ತಿರುಗಿಸುವ ಮೊದಲೇ ಅಳತೆ ಕಮ್ಮಿ ಬಂದಿದೆ, ಬಿಚ್ಚಬೇಕಾ?

ಬಣ್ಣದೆಳೆ:
ತುಂಡು ಬಟ್ಟೆಯ ಹೊದಿಕೆಗೆ (ಕ್ವಿಲ್ಟ್) 5 ಇಂಚಿನ ಒಂಬತ್ತು ಚೌಕ ಜೋಡಿಸಿ, ಅದನ್ನು ಉದ್ದಕ್ಕೂ ಅಡ್ಡಕ್ಕೂ ಅರ್ಧ ಮಾಡಿ, ನಾಲ್ಕು ತುಂಡುಗಳನ್ನು ತಿರುಗಿಸಿ ಮತ್ತೆ ಹೊಲಿಯುವ ಡಿಸಪಿಯರಿಂಗ್ ನೈನ್ ಪ್ಯಾಚ್ ಮಾಡ್ತಿದ್ದೇನೆ. ಕತ್ತರಿಸುವ ಮೊದಲು 14 ಇಂಚು ಇರಬೇಕು. ನನ್ನವು ಕೆಲವು 13¾, ಕೆಲವು 13⅞. ಇಂಥ ಆರು ಬ್ಲಾಕ್ (ಒಂಬತ್ತು ಚೌಕ ಸೇರಿದ ದೊಡ್ಡ ಚೌಕ) ಹೊಲಿದಾಗಿದೆ, ಕತ್ತರಿ ಹಾಕಿಲ್ಲ. ಎಲ್ಲ ಬಿಚ್ಚಬೇಕಾ? ಇನ್ನೊಂದು, ಯಾವ ತುಂಡನ್ನು ಎಷ್ಟು ತಿರುಗಿಸಬೇಕು? ಒಬ್ಬೊಬ್ಬರು ಒಂದೊಂದು ಥರ ತೋರಿಸ್ತಾರೆ.

ಕಾಲಿಂಚು:
ಬಿಚ್ಚಬೇಡಿ. ಬಿಚ್ಚಿದರೆ ಚೌಕದ ಅಂಚು ಎಳೆ ಬಿಟ್ಟು ಇನ್ನಷ್ಟು ಕೆಡುತ್ತೆ.

ಲೆಕ್ಕ ನೋಡಿ. ಒಂದು ಸಾಲಿನಲ್ಲಿ ಎರಡು ಹೊಲಿಗೆ, ಅಂದರೆ ನಾಲ್ಕು ಮಾರ್ಜಿನ್ (ಹೊಲಿಗೆಯಿಂದ ಅಂಚಿನವರೆಗೆ ಬಿಡುವ ಕಾಲು ಇಂಚು). ಒಟ್ಟು ಕಾಲು ಇಂಚು ಕಮ್ಮಿ ಬಂದಿದೆ ಅಂದರೆ ಪ್ರತಿ ಮಾರ್ಜಿನ್ 1/16 ಇಂಚು ಜಾಸ್ತಿ ಹೋಗಿದೆ. ಸಾಮಾನ್ಯವಾಗಿ ಇದಕ್ಕೆ ಕಾರಣ ಹೊಲಿಗೆ ಮೆಷಿನ್‌ನ ಪಾದದ ಅಂಚನ್ನೇ ಕಾಲು ಇಂಚು ಅಂತ ನಂಬೋದು. ಮಾಮೂಲಿ ಪಾದದ ಅಂಚು ಸೂಜಿಯಿಂದ ಅದಕ್ಕಿಂತ ದೂರ ಇರುತ್ತೆ. ಜೊತೆಗೆ ಇಸ್ತ್ರಿ ಮಾಡಿ ಮಡಚಿದಾಗ ಮಡಿಕೆಯೂ ಒಂದೆರಡು ಎಳೆ ನುಂಗುತ್ತೆ. ಹಾಗಾಗಿ ಕಾಲು ಇಂಚಿಗಿಂತ ಒಂದೆಳೆ ಕಮ್ಮಿ ಮಾರ್ಜಿನ್ ಬಿಟ್ಟು ಹೊಲಿಯಬೇಕು. ಪರೀಕ್ಷೆ ಸುಲಭ: 1½ ಇಂಚಿನ ಮೂರು ಪಟ್ಟಿ ಜೋಡಿಸಿ ಇಸ್ತ್ರಿ ಮಾಡಿ, ನಡುವಿನ ಪಟ್ಟಿ ಸರಿಯಾಗಿ 1 ಇಂಚು ಕಾಣಬೇಕು. ಕಾಣದಿದ್ದರೆ ಸೂಜಿ ಸರಿಸಿ, ಅಥವಾ ಮೆಷಿನ್ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ.

ಈಗ ಆ ಆರು ಬ್ಲಾಕ್. ಹೊರ ಅಂಚಿನಿಂದ 7 ಇಂಚು ಅಳೆದು ಕತ್ತರಿಸಬೇಡಿ. ಮಧ್ಯದ ಚೌಕವನ್ನು ಹೊಲಿಗೆಯಿಂದ ಹೊಲಿಗೆಗೆ ಅಳೆಯಿರಿ. ಸರಿಯಾದ ಬ್ಲಾಕ್‌ನಲ್ಲಿ ಅದು 4½, ಅರ್ಧ 2¼. ನಿಮ್ಮದು 4⅜ರ ಹತ್ತಿರ ಇರುತ್ತೆ, ಅದರ ಅರ್ಧಕ್ಕೆ ಸ್ಕೇಲ್ ಇಟ್ಟು ಕತ್ತರಿಸಿ. ಮೊದಲ ಗೀಟು ಕತ್ತರಿಸಿದ ಮೇಲೆ ಬಟ್ಟೆ ಅಲುಗಿಸದೆ ಅದರ ಕೆಳಗಿನ ಮ್ಯಾಟನ್ನೇ ತಿರುಗಿಸಿ ಎರಡನೆಯದು ಕತ್ತರಿಸಿ.

ಆಮೇಲೆ ಎಲ್ಲ ತುಂಡನ್ನೂ 6¾ ಇಂಚಿನ ಚೌಕ ಮಾಡಿ. ಎಲ್ಲರೂ ಎಡವೋದು ಇಲ್ಲೇ: ದೊಡ್ಡ ಚೌಕ ಇರುವ ಎರಡು ಹೊರಬದಿಗಳಿಂದ ಮಾತ್ರ ಸವರಿ, ಈಗ ಕತ್ತರಿಸಿದ ಬದಿಗಳನ್ನು ಮುಟ್ಟಬೇಡಿ. ದೊಡ್ಡ ಚೌಕದಲ್ಲಿ ಸ್ವಲ್ಪ ಕಮ್ಮಿಯಾದರೆ ಕಣ್ಣಿಗೆ ಬೀಳಲ್ಲ, ಪುಟ್ಟ ಚೌಕದಲ್ಲಿ ತಕ್ಷಣ ಬೀಳುತ್ತೆ. 6¾ ತುಂಡುಗಳನ್ನು ಸರಿಯಾದ ಕಾಲು ಇಂಚಿನಲ್ಲಿ ಜೋಡಿಸಿದರೆ ಬ್ಲಾಕ್ 13 ಇಂಚು, ಹೊದಿಕೆಯಲ್ಲಿ ಕೂತ ಮೇಲೆ 12½.

ಗುಂಡುಸೂಜಿ:
ತಿರುಗಿಸೋದಕ್ಕೆ ಎರಡು ದಾರಿ. ಮೇಲಿನ ಎಡ ಮತ್ತು ಕೆಳಗಿನ ಬಲ ತುಂಡುಗಳನ್ನು ಅರ್ಧ ಸುತ್ತು ತಿರುಗಿಸಿ, ಉಳಿದೆರಡು ಇದ್ದಲ್ಲೇ ಇರಲಿ. ಆಗ ಒಂದು ಬದಿಯ ಹೊಲಿಗೆ ಇನ್ನೊಂದರ ಹೊಲಿಗೆಗೆ ಎದುರಾಗೋದೇ ಇಲ್ಲ, ನಡುವಿನ ಒಂದು ಬಿಂದು ಕೂಡಿಸಿದರೆ ಸಾಕು. ಎಲ್ಲ ಬ್ಲಾಕನ್ನೂ ಒಂದೇ ದಿಕ್ಕಿಗಿಟ್ಟು ಜೋಡಿಸಿದರೆ ನಾಲ್ಕು ಬ್ಲಾಕ್ ಸೇರುವ ಮೂಲೆಯೂ ಬ್ಲಾಕಿನ ನಡುಭಾಗದ ಥರವೇ ಕಾಣುತ್ತೆ, ಎಲ್ಲಿಂದ ಎಲ್ಲಿಗೆ ಒಂದು ಬ್ಲಾಕ್ ಅಂತಲೇ ಗೊತ್ತಾಗಲ್ಲ.

ಅದೇ ಎರಡು ತುಂಡನ್ನು ಕಾಲು ಸುತ್ತು ಮಾತ್ರ ತಿರುಗಿಸಿದರೆ ಹೊಲಿಗೆಗೆ ಹೊಲಿಗೆ ಎದುರಾಗುತ್ತೆ. ನಿಮ್ಮ ಅಳತೆ ಈಗಾಗಲೇ ಏರುಪೇರು, ಈ ಸಲ ಅದು ಬೇಡ.

ಮಧ್ಯಕ್ಕೆ ಗಾಢ ಬಣ್ಣ ಹಾಕಿ, ಪುಟ್ಟ ಚೌಕಗಳಾಗಿ ಚದುರೋದು ಅದೇ. ಗಿಡ, ಹಕ್ಕಿ ಥರ ತಲೆ-ಕಾಲು ಇರುವ ಪ್ರಿಂಟ್ ಆದರೆ ಅರ್ಧ ತಲೆಕೆಳಗಾಗುತ್ತೆ.

ನೂಲುಂಡೆ:
ಯಾರೂ ಹೇಳಲಿಲ್ಲ: ಹೊಲಿಗೆಯ ಅಡ್ಡಕ್ಕೇ ಕತ್ತರಿಸ್ತೀರಿ, ಅಲ್ಲಿ ಗಂಟು ಇರಲ್ಲ. ಕತ್ತರಿಸುವ ಮೊದಲಿನ ಹೊಲಿಗೆಯನ್ನು 2 ಮಿ.ಮೀ. ಉದ್ದಕ್ಕಿಟ್ಟು ಹೊಲಿಯಿರಿ. ಹೊಲಿಗೆ ಅದಕ್ಕಿಂತ ಉದ್ದವಾದರೆ ಕೈಯಾಡಿಸುವಷ್ಟರಲ್ಲಿ ತುದಿ ಬಿಚ್ಚಿಕೊಳ್ಳುತ್ತೆ. ಇಸ್ತ್ರಿಯನ್ನು ಎಳೆಯಬೇಡಿ, ಎತ್ತಿ ಒತ್ತಿ; 1 ಮತ್ತು 3ನೇ ಸಾಲಿನ ಮಾರ್ಜಿನ್ ಹೊರಕ್ಕೆ, 2ನೆಯದು ಒಳಕ್ಕೆ.

ಬಣ್ಣದೆಳೆ:
ಅರ್ಧ ಸುತ್ತೇ ಮಾಡ್ತೀನಿ. 4×5, ಒಟ್ಟು 20 ಬ್ಲಾಕ್‌ಗೆ ಬಟ್ಟೆ ಎಷ್ಟು ಬೇಕು? ಮತ್ತೆ ಇಷ್ಟು ದೊಡ್ಡ ಬ್ಲಾಕ್ ಬೇಡ ಅನ್ನಿಸಿದರೆ?

ಕಾಲಿಂಚು:
44 ಇಂಚು ಅಗಲದ ಬಟ್ಟೆಯಲ್ಲಿ 5 ಇಂಚಿನ ಒಂದು ಪಟ್ಟಿಗೆ 8 ಚೌಕ. ಮೂಲೆಗೆ 80, ನಡುಬದಿಗೆ 80: ತಲಾ 10 ಪಟ್ಟಿ, 50 ಇಂಚು. ಅಂಚು ನೇರ ಮಾಡೋಕೆ, ಒಗೆದರೆ ಕುಗ್ಗೋಕೆ ಸೇರಿಸಿ ತಲಾ 1.4 ಮೀಟರ್ ತಗೊಳ್ಳಿ. ಮಧ್ಯಕ್ಕೆ 20 ಚೌಕ, 3 ಪಟ್ಟಿ, ಅರ್ಧ ಮೀಟರ್ ಸಾಕು. ಆರು ಬ್ಲಾಕ್ 12½ ಆಗೋದರಿಂದ ಉಳಿದ ಹದಿನಾಲ್ಕರ ತುಂಡನ್ನೂ 6¾ಕ್ಕೇ ಸವರಬೇಕು. ಮೇಲ್ಪದರ 50×62½ ಇಂಚು ಬರುತ್ತೆ.

ಚಿಕ್ಕದು ಬೇಕಿದ್ದರೆ ಫೋರ್ ಪ್ಯಾಚ್. 5 ಇಂಚಿನ ನಾಲ್ಕು ಚೌಕ, ಎರಡು ಬಣ್ಣ, ಒಂದೇ ಬಣ್ಣದವು ಮೂಲೆಗೆ ಮೂಲೆ ಎದುರಾಗಿ, ಜೋಡಿಸಿದರೆ 9½. ನಡುವಿನ ಹೊಲಿಗೆಯಿಂದ ಆಚೀಚೆ 1 ಇಂಚಿಗೆ ನಾಲ್ಕು ಗೀಟು ಕತ್ತರಿಸಿ, ಒಂಬತ್ತು ತುಂಡಾಗುತ್ತೆ. ಬದಿಯ ನಾಲ್ಕು ತುಂಡಿಗೆ ಅರ್ಧ ಸುತ್ತು, ನಡುವಿನದಕ್ಕೆ ಕಾಲು ಸುತ್ತು, ಮೂಲೆಗಳು ಇದ್ದ ಹಾಗೇ. ಮತ್ತೆ ಹೊಲಿದರೆ 8½, ಕೂತ ಮೇಲೆ 8 ಇಂಚು. ಆದರೆ ಇಲ್ಲಿ 2 ಇಂಚಿನ ಪಟ್ಟಿ ನಡುವೆಯೇ ಹೊಲಿಗೆ ಬರುತ್ತೆ, ಮಾರ್ಜಿನ್ ತಪ್ಪು ನೈನ್ ಪ್ಯಾಚ್‌ಗಿಂತ ಬೇಗ ಬಯಲಾಗುತ್ತೆ. ಮೊದಲು ಆ ಮೂರು ಪಟ್ಟಿ ಪರೀಕ್ಷೆ ಪಾಸಾಗಲಿ.